ಬೇರಿಗೊಂದು ಆಯಸ್ಸು, ಕ್ಯಾಪಿಗೊಂದು

ದಂತ ಚಿಕಿತ್ಸಾಲಯಗಳ ಜಾಹೀರಾತುಗಳಲ್ಲಿ ‘ಲೈಫ್‌ಟೈಮ್ ಗ್ಯಾರಂಟಿ’ ಎಂಬ ಮಾತು ಈಗ ಮಾಮೂಲಿ. ಗ್ಯಾರಂಟಿ ಯಾವುದಕ್ಕೆ? ದವಡೆಯೊಳಗೆ ಕೂರುವ, ಇಂಪ್ಲಾಂಟ್ ಎಂಬ ಟೈಟಾನಿಯಂ ಬೇರಿಗೋ, ಅದರ ಮೇಲೆ ಕಾಣುವ ಪಿಂಗಾಣಿ ಕ್ಯಾಪಿಗೋ? ಲಕ್ಷಗಟ್ಟಲೆ ಹಣ ತೆರುವವರೂ ಈ ಪ್ರಶ್ನೆ ಕೇಳುವುದು ಅಪರೂಪ. ಕೇಳದಿದ್ದರೆ ಹೇಳುವವರು ಇನ್ನೂ ಅಪರೂಪ.

ಬೇರಿನ ಕೀರ್ತಿ ಸುಮ್ಮನೆ ಬಂದದ್ದಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ವೈದ್ಯ ಪರ್-ಇಂಗ್ವಾರ್ ಬ್ರೋನೆಮಾರ್ಕ್ 1965ರಲ್ಲಿ ತಮ್ಮ ಮೊದಲ ರೋಗಿಯ ಕೆಳದವಡೆಗೆ ಇಂಪ್ಲಾಂಟ್‌ಗಳನ್ನು ಕೂರಿಸಿದರು. ಆತ 2006ರಲ್ಲಿ ತೀರಿಕೊಳ್ಳುವವರೆಗೂ, ಅಂದರೆ ನಾಲ್ಕು ದಶಕ, ಅವು ಕೆಲಸ ಮಾಡಿದವು. ಇಂದಿನ ಮಾರಾಟದ ಮಾತೆಲ್ಲ ಈ ಕಥೆಯ ನೆರಳಿನಲ್ಲೇ ನಡೆಯುತ್ತದೆ. ಆದರೆ ಆ ಕಾಲದಲ್ಲಿ ಬೇರುಗಳ ಮೇಲೆ ಕೂರಿಸುತ್ತಿದ್ದ ಹಲವು ಹಲ್ಲುಗಳ ಬ್ರಿಡ್ಜ್‌ಗಳು ಸಾಮಾನ್ಯವಾಗಿ ಚಿನ್ನದ ಮಿಶ್ರಲೋಹದ ಚೌಕಟ್ಟಿಗೆ ಅಕ್ರಿಲಿಕ್ ಹಲ್ಲು ಜೋಡಿಸಿದವು. ಈಗ ಕ್ಯಾಪ್‌, ಬ್ರಿಡ್ಜ್‌ಗಳಿಗೆ ಬಳಸುವ ಜಿರ್ಕೋನಿಯಾಕ್ಕೂ ಆ ನಲವತ್ತು ವರ್ಷಕ್ಕೂ ಸಂಬಂಧವಿಲ್ಲ.

ಬೇರು, ಕ್ಯಾಪ್ ಎರಡರ ಲೆಕ್ಕವೂ ಬೇರೆ ಬೇರೆ. ಒಂಟಿ ಹಲ್ಲಿನ ಇಂಪ್ಲಾಂಟ್ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಹತ್ತು ವರ್ಷಗಳ ನಂತರ ಬೇರುಗಳಲ್ಲಿ ಸುಮಾರು 95 ಶೇಕಡ ಉಳಿದಿದ್ದವು, ಕ್ಯಾಪ್‌ಗಳಲ್ಲಿ 89 ಶೇಕಡ. ಬ್ರಿಡ್ಜ್‌ನ ವಿಷಯಕ್ಕೆ ಬಂದರೆ ಚಿತ್ರ ಇನ್ನೂ ಕುತೂಹಲಕರ. ಜಿನೀವಾದ ಐರೀನಾ ಸೈಲರ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಐದು ವರ್ಷಕ್ಕೆ ಲೋಹದ ಮೇಲೆ ಪಿಂಗಾಣಿ ಹಚ್ಚಿದ ಬ್ರಿಡ್ಜ್‌ಗಳು 98.7 ಶೇಕಡ ಉಳಿದಿದ್ದವು. ದುಬಾರಿ ಜಿರ್ಕೋನಿಯಾದವು 93. ಪಿಂಗಾಣಿ ಸಿಡಿದದ್ದು ಲೋಹದವುಗಳಲ್ಲಿ 11.6 ಶೇಕಡ, ಜಿರ್ಕೋನಿಯಾದಲ್ಲಿ ಸರಿಸುಮಾರು ಅರ್ಧಕ್ಕರ್ಧ.

ಅರ್ಧದಷ್ಟು ಸಿಡಿದರೂ 93 ‘ಉಳಿದದ್ದು’ ಹೇಗೆ? ಮೂಲೆ ಮುರಿದರೂ ಬಾಯಲ್ಲೇ ಇದ್ದರೆ ಅದು ಉಳಿದ ಲೆಕ್ಕಕ್ಕೇ ಸೇರುತ್ತದೆ! ಜಾಹೀರಾತಿನ ಅಂಕಿ ಓದುವಾಗ ಇದು ನೆನಪಿರಬೇಕು.

ತಪ್ಪು ಜಿರ್ಕೋನಿಯಾದ್ದಲ್ಲ. 1975ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಅದನ್ನು ಉಕ್ಕಿಗೆ ಹೋಲಿಸಿದ್ದರು. ಬಿರುಕು ಹುಟ್ಟಿದ ಜಾಗದಲ್ಲಿ ಅದರ ಹರಳುಗಳು ರೂಪ ಬದಲಿಸಿ ಉಬ್ಬುತ್ತವೆ, ಬಿರುಕನ್ನು ಅಮುಕಿ ನಿಲ್ಲಿಸುತ್ತವೆ. ಸಿಡಿಯುವುದು ಅಂದಕ್ಕಾಗಿ ಮೇಲೆ ಹಚ್ಚಿದ ಗಾಜಿನಂಥ ಪಿಂಗಾಣಿ ಪದರ. ಜಿರ್ಕೋನಿಯಾ ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ. ಕುಲುಮೆಯಿಂದ ಹೊರಬಂದ ಮೇಲೆ ಅವಸರದಲ್ಲಿ ತಣಿಸಿದರೆ ಆ ಪದರದೊಳಗೆ ಬಿಗಿತ ಉಳಿದುಬಿಡುತ್ತದೆ. ಅಂದರೆ ಕ್ಯಾಪಿನ ಆಯಸ್ಸು ಸ್ವಲ್ಪಮಟ್ಟಿಗೆ ರೋಗಿ ಎಂದೂ ಕಾಣದ ಲ್ಯಾಬಿನ ತಾಳ್ಮೆಯಲ್ಲಿದೆ.

ಸಿಡಿಯುವುದಕ್ಕೆ ಇನ್ನೊಂದು ಕಾರಣ ಬಾಯಲ್ಲೇ ಇದೆ. ಸಹಜ ಹಲ್ಲಿನ ಬೇರನ್ನು ಸುತ್ತುವರಿದ ತೆಳು ನಾರಿನ ಪೊರೆ ಒತ್ತಡವನ್ನು ಹೀರಿಕೊಳ್ಳುತ್ತದೆ, ನಿಪ್ಪಟ್ಟಿನಲ್ಲಿ ಕಲ್ಲು ಸಿಕ್ಕರೆ ತಕ್ಷಣ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಇಂಪ್ಲಾಂಟಿಗೆ ಆ ಪೊರೆಯೇ ಇಲ್ಲ, ಅದು ನೇರ ಎಲುಬಿಗೆ ಬೆಸೆದಿರುತ್ತದೆ. ಎಷ್ಟು ಗಟ್ಟಿಯಾಗಿ ಕಚ್ಚಿದೆವೆಂಬುದು ಗೊತ್ತಾಗುವ ಹೊತ್ತಿಗೆ ಕಚ್ಚಿ ಆಗಿರುತ್ತದೆ. ರಾತ್ರಿ ಹಲ್ಲು ಕಡಿಯುವವರಿಗೆ, ದಿನವಿಡೀ ಅಡಿಕೆ ಜಗಿಯುವವರಿಗೆ ಇದನ್ನು ಚಿಕಿತ್ಸೆಗೆ ಮೊದಲೇ ವಿವರಿಸಬೇಕು.

ಮೇಲ್ಪದರವೇ ಇಲ್ಲದ ಅಖಂಡ ಜಿರ್ಕೋನಿಯಾ ಈಗ ಚಲಾವಣೆಗೆ ಬಂದಿದೆ. ಸಿಡಿಯುವ ತೊಂದರೆ ಬಹುಪಾಲು ತಪ್ಪಿದೆ, ನಯವಾಗಿ ಪಾಲಿಶ್ ಮಾಡಿದರೆ ಎದುರಿನ ಹಲ್ಲಿಗೂ ಹಾನಿ ಕಡಿಮೆ. ಒಳ್ಳೆಯ ವಸ್ತುವೇ. ಆದರೆ ಇಂಪ್ಲಾಂಟ್ ಮೇಲೆ ಅದರ ವ್ಯಾಪಕ ಬಳಕೆ ಶುರುವಾದದ್ದು ಕಳೆದ ದಶಕದಲ್ಲಿ. ಅದಕ್ಕೂ ‘ಜೀವನಪೂರ್ತಿ’ ಎಂಬ ಚೀಟಿ ಅಂಟಿಸುವುದು ಅವಸರ.

ಹಾಗಾಗಿ ಗ್ಯಾರಂಟಿಗಿಂತ ಮೊದಲು ಕೇಳಬೇಕಾದ್ದು ರಿಪೇರಿಯ ದಾರಿ. ತಿರುಪಿನಿಂದ ಬಿಗಿದ ಕ್ಯಾಪನ್ನು ಬಿಚ್ಚಿ ಸರಿಪಡಿಸಬಹುದು. ಸಿಮೆಂಟಿನಿಂದ ಅಂಟಿಸಿದ್ದನ್ನು ಬಹುಮಟ್ಟಿಗೆ ಕೊರೆದೇ ತೆಗೆಯಬೇಕು. ಒಸಡಿನಡಿ ಉಳಿದ ಸಿಮೆಂಟ್ ಸೋಂಕಿಗೂ ದಾರಿ. ಬಿಚ್ಚಬೇಕೆಂದರೆ ಕಂಪನಿ ಗೊತ್ತಿರಬೇಕು, ಏಕೆಂದರೆ ಒಬ್ಬರ ತಿರುಪಿಗೆ ಇನ್ನೊಬ್ಬರ ಸ್ಕ್ರೂಡ್ರೈವರ್ ಹೊಂದದಿರಬಹುದು. ರಜೆಗೆ ಊರಿಗೆ ಬಂದು ಹಲ್ಲು ಕಟ್ಟಿಸಿಕೊಂಡು ವಿದೇಶಕ್ಕೆ ಮರಳುವವರಿಗೆ ಇದು ಇನ್ನೂ ದೊಡ್ಡ ಪೀಕಲಾಟ. ಇಂಪ್ಲಾಂಟಿನ ಡಬ್ಬಿಯಲ್ಲೇ ಕಂಪನಿ, ಅಳತೆ, ಲಾಟ್ ಸಂಖ್ಯೆಯ ಸ್ಟಿಕ್ಕರ್ ಬರುತ್ತದೆ. ಅದನ್ನೊಂದು ಕಾರ್ಡಿಗೆ ಅಂಟಿಸಿ, ಕ್ಯಾಪ್ ಯಾವ ವಸ್ತುವಿನದು, ಯಾವ ಲ್ಯಾಬಿನದು ಎಂದು ಬರೆದು ರೋಗಿಯ ಕೈಗಿಡಲು ಎರಡು ನಿಮಿಷ ಸಾಕು. ಕೊಡದ ಕಡೆ ಬಿಲ್ ಕಟ್ಟುವ ಮುನ್ನವೇ ಕೇಳಿ ಪಡೆಯಬೇಕು.