ದೋಸೆ ಹಿಟ್ಟಿಗಿಂತ ಮೊದಲು ಕಿಟಕಿ

ಡಿಸೆಂಬರ್ ಬಂತೆಂದರೆ ದೆಹಲಿ, ನೊಯ್ಡಾ, ಗುರುಗ್ರಾಮದ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಗೋಳು. ‘ದೋಸೆ ಹಿಟ್ಟು ಉಬ್ಬೇ ಇಲ್ಲ, ಏನ್ ಮಾಡ್ಲಿ?’ ಹತ್ತು ನಿಮಿಷದಲ್ಲಿ ಇಪ್ಪತ್ತು ಉತ್ತರ ಬಂದಿರುತ್ತದೆ. ಕಂಬಳಿ ಹೊದಿಸಿ, ಮೆಂತ್ಯ ಜಾಸ್ತಿ ಹಾಕಿ, ಫ್ರಿಜ್ ಮೇಲೆ ಇಡಿ. ಮರುದಿನ ಮೊಸರಿನ ಸರದಿ, ಅದರ ಮರುದಿನ ಬಾಟಲಿಯಿಂದ ಇಳಿಯದ ಕೊಬ್ಬರಿ ಎಣ್ಣೆಯ ಸರದಿ. ಎಲ್ಲವೂ ಬೇಕಾದ ಮಾತುಗಳೇ. ಆದರೆ ಹತ್ತು ಚಳಿಗಾಲ ಇಲ್ಲಿ ಕಳೆದ ನನಗೆ ಒಂದು ದೂರಿದೆ. ಎಲ್ಲಕ್ಕಿಂತ ಮೊದಲು ಬರಬೇಕಾದ ಸಲಹೆ ಈ ಗುಂಪುಗಳಲ್ಲಿ ಬರುವುದೇ ಇಲ್ಲ. ಅದನ್ನು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅಡುಗೆಮನೆಯ ಮಾತು ಮುಗಿಸಿಬಿಡೋಣ, ಇಲ್ಲದಿದ್ದರೆ ಯಾರೂ ಮುಂದೆ ಓದಲಿಕ್ಕಿಲ್ಲ!

ನಮ್ಮ ಊರು ಸಾಗರದ ಕಡೆ. ಅಲ್ಲಿ ಅಮ್ಮ ರಾತ್ರಿ ಹಿಟ್ಟು ರುಬ್ಬಿಟ್ಟರೆ ಬೆಳಿಗ್ಗೆ ಪಾತ್ರೆಯ ಬಾಯಿಗೆ ಬಂದಿರುತ್ತಿತ್ತು. ಚಳಿ ಜಾಸ್ತಿ ಅನ್ನಿಸಿದರೆ ಪಾತ್ರೆಯನ್ನು ಬಚ್ಚಲೊಲೆಯ ಹತ್ತಿರ ಇಡುತ್ತಿದ್ದಳು, ಅಷ್ಟೆ. ನೊಯ್ಡಾದಲ್ಲಿ ಮೊದಲ ಚಳಿಗಾಲದಲ್ಲಿ ನಾನು ಎರಡು ಕಂಬಳಿ ಹೊದಿಸಿಟ್ಟ ಹಿಟ್ಟು ಬೆಳಿಗ್ಗೆ ಸುಣ್ಣದ ನೀರಿನಂತೆ ತಣ್ಣಗೆ ಕೂತಿತ್ತು. ಫೋನ್ ಮಾಡಿದರೆ ಅಮ್ಮ ‘ಇನ್ನೊಂದು ಕಂಬಳಿ ಹೊದಿಸು’ ಎಂದಳು. ಅವಳ ತಪ್ಪಲ್ಲ. ಕಂಬಳಿಗೆ ತನ್ನದೇ ಆದ ಬಿಸಿ ಇಲ್ಲ, ಇರುವ ಬಿಸಿಯನ್ನು ಅದು ಕಾಯುತ್ತದೆ. ಬಿಸಿಯಿರುವ ಹಿಟ್ಟನ್ನು ಬಿಸಿಯಾಗಿ ಇಡುವ ಹಾಗೆಯೇ ತಣ್ಣಗಿರುವ ಹಿಟ್ಟನ್ನು ತಣ್ಣಗೇ ಇಡುತ್ತದೆ. ಸಾಗರದ ಅಡುಗೆಮನೆಯಲ್ಲಿ ರುಬ್ಬಿದ ಹಿಟ್ಟು ಬೆಚ್ಚಗೇ ಇರುತ್ತಿತ್ತು. ಇಲ್ಲಿ ನಲ್ಲಿ ನೀರೇ ಕೈ ಕೊರೆಯುತ್ತದೆ.

ಹಿಟ್ಟು ಹುಳಿ ಬರಲು 28ರಿಂದ 32 ಡಿಗ್ರಿ ಇದ್ದರೆ ಅನುಕೂಲ. ದೆಹಲಿಯ ಜನವರಿಯಲ್ಲಿ ಹೊರಗೆ ಏಳೆಂಟು ಡಿಗ್ರಿಗೆ ಇಳಿಯುವ ರಾತ್ರಿಗಳು ಮಾಮೂಲು, ಮನೆಯೊಳಗೂ ಹದಿನೈದರ ಆಸುಪಾಸು. ಹಾಗಾಗಿ ಉದ್ದು ಸ್ವಲ್ಪ ಜಾಸ್ತಿ ಹಾಕಿ, ನಾಲ್ಕಕ್ಕೆ ಒಂದರ ಬದಲು ಮೂರಕ್ಕೆ ಒಂದು. ಒಂದು ಚಮಚ ಮೆಂತ್ಯ ಇರಲಿ. ಉಗುರು ಬೆಚ್ಚಗಿನ ನೀರಲ್ಲಿ ರುಬ್ಬಿ, ಹಳೆಯ ಹಿಟ್ಟು ಒಂದು ಸೌಟು ಸೇರಿಸಿ. ಆಮೇಲೆ ಪಾತ್ರೆಯನ್ನು ಬಿಸಿನೀರು ತುಂಬಿದ ಇನ್ನೊಂದು ದೊಡ್ಡ ಪಾತ್ರೆಯಲ್ಲಿ ಕೂರಿಸಿ ಕಂಬಳಿ ಹೊದಿಸಿ. ಮಲಗುವ ಮುಂಚೆ ಒಮ್ಮೆ ನೀರು ಬದಲಿಸಿ. ಇಷ್ಟಾದರೂ ಎಂಟು ಗಂಟೆಯ ಕೆಲಸಕ್ಕೆ ಹದಿನಾರು ಗಂಟೆ ಹಿಡಿಯಬಹುದು. ಭಾನುವಾರದ ದೋಸೆಗೆ ಶನಿವಾರ ಮಧ್ಯಾಹ್ನವೇ ರುಬ್ಬಿ. ಅವಸರ ಮಾಡಿ ಓವನ್ ಹಚ್ಚಿದರೆ ಹುಳಿ ಬರಿಸುವ ಜೀವಿಗಳೇ ಸತ್ತುಹೋಗುತ್ತವೆ.

ಮೊಸರಿಗೂ ಇದೇ ತರ್ಕ. ಹಾಲು ಬೇಸಿಗೆಗಿಂತ ತುಸು ಬಿಸಿಯಾಗಿರಲಿ, ಬೆರಳಿಟ್ಟರೆ ಸುಡಬಾರದು. ಬಿಸಿನೀರಲ್ಲಿ ತೊಳೆದ ಹಾಟ್‌ಬಾಕ್ಸಿನಲ್ಲಿ ಹೆಪ್ಪು ಹಾಕಿ ಮುಚ್ಚಿಡಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಅದು ಕಲಬೆರಕೆಯೂ ಅಲ್ಲ, ಕೆಟ್ಟಿರುವುದೂ ಅಲ್ಲ. ಅಕ್ಟೋಬರಿನಲ್ಲೇ ಅಗಲ ಬಾಯಿಯ ಡಬ್ಬಿಗೆ ಸುರಿದಿಟ್ಟುಕೊಂಡರೆ ಚಮಚದಲ್ಲಿ ತೆಗೆಯಬಹುದು.

ಇನ್ನು ಸ್ನಾನದ ಲೆಕ್ಕ. 25 ಲೀಟರ್ ಗೀಸರಿನ ನೀರನ್ನು 22 ಡಿಗ್ರಿಯಿಂದ 45ಕ್ಕೆ ಕಾಯಿಸಲು ಮುಕ್ಕಾಲು ಯೂನಿಟ್ಟೂ ಬೇಡ. ಬೆಂಗಳೂರಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಸಾಕು. ಇಲ್ಲಿ ನೀರು 12 ಡಿಗ್ರಿಯಲ್ಲಿ ಬರುತ್ತದೆ, ಅದೇ 45ಕ್ಕೆ ಒಂದು ಯೂನಿಟ್ ಬೇಕು. ಥರ್ಮೋಸ್ಟಾಟನ್ನು 60ಕ್ಕೆ ಇಟ್ಟು, ಆಮೇಲೆ ತಣ್ಣೀರು ಬೆರೆಸುವವರು ಪ್ರತಿ ತೊಟ್ಟಿಗೆ ಒಂದೂವರೆ ಯೂನಿಟ್ಟಿನ ಹತ್ತಿರ ಸುಡುತ್ತಿರುತ್ತಾರೆ. ಹೀಟರಿನದು ಇನ್ನೂ ಸರಳ: 2000 ವ್ಯಾಟಿನದು ಗಂಟೆಗೆ ಎರಡು ಯೂನಿಟ್ ನುಂಗುತ್ತದೆ, ಎಂಟೊಂಬತ್ತು ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಅದನ್ನು ಚುಚ್ಚಬೇಡಿ, ವೈರು ಕರಗುತ್ತದೆ. ಒದ್ದೆ ಬಟ್ಟೆಯನ್ನು ಅದರ ಮೇಲೆ ಹರವಿ ಮಲಗಬೇಡಿ.

ಇವೆಲ್ಲ ತಪ್ಪಿದರೆ ಏನಾಗುತ್ತದೆ? ವೈರಿನ ಮಾತು ಬಿಟ್ಟರೆ, ಹೆಚ್ಚೆಂದರೆ ದೋಸೆಯ ಬದಲು ಅವಲಕ್ಕಿ ತಿನ್ನಬೇಕಾಗುತ್ತದೆ, ಕರೆಂಟ್ ಬಿಲ್ ಜಾಸ್ತಿ ಬರುತ್ತದೆ. ನಾನು ಹೇಳಹೊರಟಿರುವ ಸಲಹೆ ತಪ್ಪಿದರೆ ಆಗುವುದು ಬೇರೆ.

2015ರ ಡಿಸೆಂಬರ್. ನಾನು ಮತ್ತು ಗದಗ ಕಡೆಯ ಗೆಳೆಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಬಚ್ಚಲಿನೊಳಗೇ ಗ್ಯಾಸ್ ಗೀಸರ್ ಇತ್ತು, ಮನೆ ಮಾಲೀಕರು ಹಾಕಿಸಿದ್ದು. ಎಕ್ಸಾಸ್ಟ್ ಫ್ಯಾನಿಗೆಂದು ಬಿಟ್ಟ ಕಿಂಡಿಯಲ್ಲಿ ಫ್ಯಾನ್ ಇರಲಿಲ್ಲ, ಅಲ್ಲಿಂದ ಬರುವ ಗಾಳಿಗೆ ಮೈಮೇಲೆ ನೀರು ಹಾಕಿಕೊಳ್ಳಲು ಧೈರ್ಯ ಬರುತ್ತಿರಲಿಲ್ಲ. ಒಂದು ಶನಿವಾರ ಹೊಸ ಮಾನಿಟರಿನ ಡಬ್ಬಿಯಲ್ಲಿದ್ದ ಥರ್ಮೋಕೋಲನ್ನು ಅಳತೆಗೆ ಸರಿಯಾಗಿ ಕತ್ತರಿಸಿ, ಕಿಂಡಿಗೆ ತುರುಕಿ, ಸುತ್ತ ಟೇಪ್ ಹಚ್ಚಿದೆ. ಗೆಳೆಯ ಭೇಷ್ ಎಂದ. ಇಬ್ಬರದೂ ಎಂ.ಟೆಕ್ ಆಗಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು.

ಮುಂದಿನ ಮೂರ್ನಾಲ್ಕು ದಿನ ಸ್ನಾನವಾದ ಮೇಲೆ ಇಬ್ಬರಿಗೂ ತಲೆನೋವು. ಚಳಿಗೆ ಇರಬೇಕು ಅಂದುಕೊಂಡು ಮಾತ್ರೆ ನುಂಗಿ ಆಫೀಸಿಗೆ ಹೋದೆವು. ಆಫೀಸು ತಲುಪುವಷ್ಟರಲ್ಲಿ ತಲೆನೋವು ಹೋಗಿರುತ್ತಿತ್ತು. ಆ ಸುಳಿವು ನಮಗೆ ಹೊಳೆಯಲಿಲ್ಲ. ಐದನೆಯ ದಿನ ಗೆಳೆಯ ಸ್ನಾನಕ್ಕೆ ಹೋದವನು ಬಹಳ ಹೊತ್ತಾದರೂ ಬರಲಿಲ್ಲ. ನೀರು ಬೀಳುವ ಸದ್ದು ಒಂದೇ ಸಮ ಕೇಳುತ್ತಿತ್ತು, ಚೊಂಬಿನ ಸದ್ದು ಇರಲಿಲ್ಲ. ಕೂಗಿದರೆ ಉತ್ತರವಿಲ್ಲ. ಚಿಲಕ ಅಗ್ಗದ್ದಾಗಿತ್ತು, ಎರಡು ಸಲ ಒದ್ದಿದ್ದಕ್ಕೆ ಕಿತ್ತುಬಂತು. ಅವನು ಗೋಡೆಗೆ ಒರಗಿ ಕೂತಿದ್ದ. ಕಣ್ಣು ತೆರೆದಿತ್ತು, ಏಳಲು ಆಗುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ಬಾಲ್ಕನಿಗೆ ಎಳೆದು ತಂದೆ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಇದೆಯಾ? ಸಂಜೆವರೆಗೆ ಆಮ್ಲಜನಕ ಕೊಟ್ಟರು. ಹುಷಾರಾಗಿ ಮನೆಗೆ ಬಂದ. ಇನ್ನೊಂದು ಕಾಲು ಗಂಟೆ ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರೆ ಅವನ ಊರಿಗೆ ನಾನು ಯಾವ ಮುಖ ಹೊತ್ತು ಹೋಗುತ್ತಿದ್ದೆ ಎಂದು ಈಗಲೂ ಯೋಚನೆ ಬರುತ್ತದೆ.

ಉರಿಗೆ ಸಾಕಷ್ಟು ಗಾಳಿ ಸಿಗದಿದ್ದರೆ ಇಂಧನ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಸಿಲಿಂಡರಿನ ಗ್ಯಾಸ್ ಸೋರಿದರೆ ತಿಳಿಯಲೆಂದು ಅದಕ್ಕೆ ವಾಸನೆ ಬೆರೆಸಿರುತ್ತಾರೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಸುವುದೂ ಇಲ್ಲ. ರಕ್ತದ ಹಿಮೋಗ್ಲೋಬಿನನ್ನು ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಉಸಿರಾಡುತ್ತಲೇ ಇರುತ್ತೇವೆ, ಮೈಗೆ ಉಸಿರು ಸಿಗುತ್ತಿರುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಎದ್ದು ಬಾಗಿಲು ತೆಗೆಯುವ ಶಕ್ತಿಯೂ ಇರುವುದಿಲ್ಲ. ಮಲಗಿದ್ದವರಿಗೆ ಎಚ್ಚರವೇ ಆಗದಿರಬಹುದು. ಕೋಣೆಯಲ್ಲಿ ಅಂಗೀಠಿ ಇಟ್ಟು ಬಾಗಿಲು ಹಾಕಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ ಎಂಬ ಸುದ್ದಿ ಉತ್ತರ ಭಾರತದ ಪತ್ರಿಕೆಗಳಲ್ಲಿ ಪ್ರತಿ ಚಳಿಗಾಲವೂ ಬರುತ್ತದೆ. ನಾವು ಓದುತ್ತೇವೆ, ಪಾಪ ಎನ್ನುತ್ತೇವೆ, ನಮಗೆ ಸಂಬಂಧಿಸಿದ್ದಲ್ಲ ಎಂದು ಪುಟ ತಿರುಗಿಸುತ್ತೇವೆ.

ನಮಗೇ ಸಂಬಂಧಿಸಿದ್ದು ಎನ್ನುವುದೇ ನನ್ನ ವಾದ. ನಮ್ಮಲ್ಲಿ ಬಹಳ ಜನ ಹುಟ್ಟಿನಿಂದ ಬೆಂಕಿಯ ಜೊತೆ ಬೆಳೆದವರು. ನಮ್ಮಜ್ಜಿಯ ಮನೆಯ ಬಚ್ಚಲಿನಲ್ಲಿ ಬೆಳಗಿನಿಂದ ಹಂಡೆಯ ಕೆಳಗೆ ಕಟ್ಟಿಗೆ ಉರಿಯುತ್ತಿತ್ತು. ಗೋಡೆಯೆಲ್ಲ ಕಪ್ಪು ಮಸಿ, ಕಣ್ಣಲ್ಲಿ ನೀರು. ಆದರೂ ಅಲ್ಲಿ ಯಾರೂ ತಲೆ ತಿರುಗಿ ಬಿದ್ದದ್ದು ನಾನು ಕಾಣೆ. ಕಾರಣ ಹಂಚಿನ ಮಾಡು. ಹಂಚಿನ ಸಂದಿ, ಬೆಳಕಿಂಡಿ, ನೆಲಕ್ಕೆ ತಾಗದ ಬಾಗಿಲು, ಎಲ್ಲ ಕಡೆಯಿಂದ ಹೊಗೆ ಹೊರಗೆ ಹೋಗುತ್ತಿತ್ತು. ‘ಬಚ್ಚಲೊಲೆಯ ಹತ್ತಿರ ಬೆಚ್ಚಗಿರುತ್ತೆ’ ಎಂಬ ನೆನಪನ್ನು ನಾವು ಹೊತ್ತು ತಂದಿದ್ದೇವೆ, ಹಂಚಿನ ಮಾಡನ್ನು ತಂದಿಲ್ಲ. ಬಂದು ಸೇರಿರುವುದು ಅಲ್ಯುಮಿನಿಯಂ ಕಿಟಕಿ, ರಬ್ಬರ್ ಪಟ್ಟಿಯ ಕಾಂಕ್ರೀಟ್ ಡಬ್ಬಿಗೆ. ಇಲ್ಲಿನ ಚಳಿ ಅದನ್ನು ಇನ್ನಷ್ಟು ಮುಚ್ಚು ಎನ್ನುತ್ತದೆ.

ದೆಹಲಿಯವರು ಒಂದು ಪ್ರಶ್ನೆ ಎತ್ತುತ್ತಾರೆ, ನ್ಯಾಯವಾದದ್ದೇ. ‘ಕಿಟಕಿ ತೆಗೆದರೆ ಹೊರಗಿನ ವಿಷಗಾಳಿ ಒಳಗೆ ಬರುತ್ತಲ್ಲ? ಅದಕ್ಕೇ ಅಲ್ಲವೇ ಏರ್ ಪ್ಯೂರಿಫೈಯರ್ ತಂದಿರೋದು?’ ಪ್ಯೂರಿಫೈಯರಿನ ಫಿಲ್ಟರ್ ಹಿಡಿಯುವುದು ದೂಳು, ಹೊಗೆಯ ಕಣಗಳನ್ನು. ಕಾರ್ಬನ್ ಮೊನಾಕ್ಸೈಡ್ ಅದರೊಳಗಿಂದ ಹಾಗೇ ದಾಟಿ ಹೋಗುತ್ತದೆ. ಪರದೆಯ ಮೇಲೆ ಹಸಿರು ದೀಪ ಉರಿಯುತ್ತಿದ್ದರೂ ಕೋಣೆಯಲ್ಲಿ ಆ ಅನಿಲ ತುಂಬಿರಬಹುದು. ಹೊರಗಿನ ಗಾಳಿ ಆಯಸ್ಸನ್ನು ವರ್ಷಗಳ ಲೆಕ್ಕದಲ್ಲಿ ಕಡಿಮೆ ಮಾಡೀತು, ಇದು ನಿಮಿಷಗಳ ಲೆಕ್ಕದ್ದು. ಎರಡನ್ನೂ ನಿಭಾಯಿಸಬೇಕು ಎಂದರೆ ಉರಿಯುವ ವಸ್ತುವನ್ನು ಮುಚ್ಚಿದ ಕೋಣೆಯಿಂದ ಹೊರಗಿಡುವುದೇ ದಾರಿ. ಬಿಸಿಲಿರುವ ಮಧ್ಯಾಹ್ನ ಗಾಳಿ ಬೆಳಗಿನ ಜಾವಕ್ಕಿಂತ ಸಾಮಾನ್ಯವಾಗಿ ವಾಸಿ. ಆಗ ಅರ್ಧ ಗಂಟೆ ಕಿಟಕಿ ತೆಗೆದರೆ ಗೋಡೆಯ ತೇವ, ಬೂಷ್ಟು ಕೂಡ ಕಡಿಮೆಯಾಗುತ್ತದೆ.

ಮಾಡಬೇಕಾದದ್ದು ಇಷ್ಟು. ಗ್ಯಾಸ್ ಗೀಸರ್ ಬಚ್ಚಲಿನೊಳಗಿದ್ದರೆ ಬಾಲ್ಕನಿಗೋ ಗಾಳಿಯಾಡುವ ಯುಟಿಲಿಟಿಗೋ ಸ್ಥಳಾಂತರಿಸಲು ಮಾಲೀಕರಿಗೆ ಹೇಳಿ. ಒಪ್ಪದಿದ್ದರೆ ಅದನ್ನು ಬಿಟ್ಟು ಕರೆಂಟಿನ ಗೀಸರ್ ಕೇಳಿ. ಅಲ್ಲಿಯವರೆಗೆ ಬಾಗಿಲು ತೆಗೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಆಮೇಲೆ ಒಳಗೆ ಹೋಗಿ. ಇದು ದೆಹಲಿಯವರಿಗೆ ಮಾತ್ರವಲ್ಲ, ಗ್ಯಾಸ್ ಗೀಸರ್ ಹೆಚ್ಚಾಗಿರುವ ಪುಣೆ, ಮುಂಬೈಯವರಿಗೂ ಅನ್ವಯ. ಒಲೆ ಅಥವಾ ಗೀಸರಿನ ಉರಿ ನೀಲಿಯಾಗಿರಬೇಕು. ಹಳದಿಗೆ ತಿರುಗಿದ್ದರೆ ಸರ್ವಿಸ್ ಮಾಡಿಸಿ. ಕೋಣೆ ಬೆಚ್ಚಗಾಗಲೆಂದು ಒಲೆ ಹಚ್ಚಿಟ್ಟು ಕೂರಬೇಡಿ. ಇದ್ದಿಲಿನ ಅಂಗೀಠಿಯಂತೂ ಒಳಗೆ ಬೇಡವೇ ಬೇಡ. ಕೆಂಡ ಮಾತ್ರ ಇದೆ, ಹೊಗೆಯಿಲ್ಲ ಎಂಬ ಧೈರ್ಯವೇ ಮೋಸ ಮಾಡುವುದು. ಕರೆಂಟಿನ ಹೀಟರಿನಲ್ಲಿ ಏನೂ ಉರಿಯುವುದಿಲ್ಲವಾದ್ದರಿಂದ ಈ ಅನಿಲದ ಭಯವಿಲ್ಲ, ಬೆಂಕಿಯ ಎಚ್ಚರಿಕೆ ಮಾತ್ರ ಬೇಕು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಎಂದೇ ಪ್ರತ್ಯೇಕವಾಗಿ ಸಿಗುತ್ತದೆ. ಗ್ಯಾಸ್ ಸೋರಿಕೆಯ ಅಲಾರಂ ಬೇರೆ, ಇದು ಬೇರೆ, ಕೊಳ್ಳುವಾಗ ನೋಡಿ. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದು ಹೊರಗೆ ಹೋದ ಕೂಡಲೇ ಇಳಿದರೆ ಚಳಿಯನ್ನು ಬೈಯಬೇಡಿ. ಉರಿ ಆರಿಸಿ, ಬಾಗಿಲು ತೆರೆದು ಹೊರಗೆ ಬನ್ನಿ, ಆಸ್ಪತ್ರೆಗೆ ಹೋಗಿ. ಯಾರಾದರೂ ಬಿದ್ದಿದ್ದರೆ ಗಾಳಿಗೆ ತಂದು 112ಕ್ಕೆ ಕರೆ ಮಾಡಿ.

ಇನ್ನೊಂದು ಮಾತು. ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಾತ್ರಿಯಿಡೀ ಕೂರುವ ಕಾವಲುಗಾರರು ತಗಡಿನ ಬಾಂಡ್ಲಿಯಲ್ಲಿ ಕಟ್ಟಿಗೆ ಹಚ್ಚಿಕೊಂಡು, ಚಳಿ ತಡೆಯದಾದಾಗ ಅದನ್ನು ಕ್ಯಾಬಿನ್ನಿನೊಳಗೆ ಎಳೆದುಕೊಳ್ಳುತ್ತಾರೆ. ಅವರಿಗೆ ಕರೆಂಟಿನ ಹೀಟರ್ ಕೊಡಬೇಕು ಎಂದು ದೆಹಲಿ ಸುತ್ತಮುತ್ತಲಿನ ಮಾಲಿನ್ಯ ತಡೆಯುವ ‘ಗ್ರಾಪ್’ ಕ್ರಮಗಳಲ್ಲೇ ನಿವಾಸಿ ಸಂಘಗಳಿಗೆ ಸೂಚನೆಯಿದೆ. ಅದು ಹೊಗೆ ಕಡಿಮೆ ಮಾಡಲು ಮಾಡಿದ ಸೂಚನೆ, ಜೀವವನ್ನೂ ಉಳಿಸುತ್ತದೆ. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಕೇಳಿ. ಒಂದು ಹೀಟರಿನ ಖರ್ಚು ನೂರು ಮನೆಗೆ ಹಂಚಿದರೆ ಒಂದು ಕಾಫಿಯ ದುಡ್ಡೂ ಆಗುವುದಿಲ್ಲ.

ಈ ಸಲ ನಮ್ಮ ಗುಂಪಿನಲ್ಲಿ ದೋಸೆ ಹಿಟ್ಟಿನ ಮೊದಲ ಗೋಳು ಬರುವ ಮೊದಲೇ ನಾನು ಈ ಸಲಹೆ ಹಾಕಿದ್ದೇನೆ. ಒಬ್ಬರು ಹೆಬ್ಬೆರಳು ತೋರಿಸಿದರು. ಹಿಟ್ಟಿನ ಸಲಹೆಗೆ ನಲವತ್ತು ಬಂದವು, ಇರಲಿ. ಗದಗದ ಗೆಳೆಯ ಈಗ ಬೆಂಗಳೂರಿನಲ್ಲಿದ್ದಾನೆ. ಪ್ರತಿ ಡಿಸೆಂಬರಿನಲ್ಲಿ ಒಂದು ಸಲ ಫೋನ್ ಮಾಡುತ್ತಾನೆ. ಹೆಂಡತಿ ಮಕ್ಕಳು ಹೇಗಿದ್ದಾರೆ ಎಂದು ಕೇಳುವ ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಕಿಡಕಿ ತಗದೀಯಿಲ್ಲೋ?’