ಯಾರ ಜಗಲಿ ಮೇಲೆ ಕೂತು ಕೇಳಿದಿರಿ?

ಈಗ ಹಳ್ಳಿಗೆ ಬರುವ ಕೆಲವು ಸಂಶೋಧಕರ ಕೈಯಲ್ಲಿ ಪ್ರಶ್ನೆಪಟ್ಟಿ ಇರುವುದಿಲ್ಲ. 'ಸುಮ್ಮನೆ ಮಾತಾಡೋಣ' ಅನ್ನುತ್ತಾರೆ, ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಇದನ್ನು ಮುಕ್ತ ಸಂದರ್ಶನ ಅಂತ ಕರೆಯುತ್ತಾರೆ.

ಒಳ್ಳೆಯದೇ. 'ನಿಮ್ಮ ಊರಲ್ಲಿ ಅಸ್ಪೃಶ್ಯತೆ ಇದೆಯೇ? ಹೌದು/ಇಲ್ಲ' ಅಂತ ಕೇಳಿದರೆ 'ಇಲ್ಲ' ಅಂತಲೇ ಗುರುತು ಬೀಳುತ್ತದೆ. ಅದೇ ಮನುಷ್ಯನ ಜತೆ ಮದುವೆ ಊಟದ ವಿಚಾರ ಮಾತಾಡಿ ನೋಡಿ. ಯಾರ ಪಂಕ್ತಿ ಮೊದಲು, ಯಾರಿಗೆ ಕೊನೆಗೆ ಬಡಿಸುತ್ತಾರೆ, ಎಲ್ಲ ತಾನಾಗಿ ಹೊರಬರುತ್ತದೆ.

ನನ್ನ ತಕರಾರು ಬೇರೆ. ಆ ಮಾತು ಎಲ್ಲಿ ನಡೆಯಿತು? ಪಕ್ಕದಲ್ಲಿ ಯಾರಿದ್ದರು? ಪಂಚಾಯ್ತಿ ಆಫೀಸಿನಲ್ಲಿ ಅಧ್ಯಕ್ಷೆಯ ಗಂಡ ಕುರ್ಚಿ ಎಳೆದುಕೊಂಡು ಕೂತಿರುವಾಗ ಕೂಲಿ ಹೆಂಗಸು ಯಾವ 'ಮುಕ್ತ' ಮಾತು ಆಡಿಯಾಳು?

ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಉಳಿದಿದ್ದರು. ಪುಸ್ತಕದಲ್ಲಿ ಅದರ ಹೆಸರು ರಾಂಪುರ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರ ಟಿಪ್ಪಣಿಗಳು ಸುಟ್ಟುಹೋದವು. ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು. ಚುನಾವಣೆ ಬಂದಾಗಲೆಲ್ಲ ನಾವು ಆಡುವ 'ಪ್ರಬಲ ಜಾತಿ' ಎಂಬ ಮಾತು ಬೆಳೆದದ್ದು ಆ ಊರಿನ ಒಡನಾಟದಲ್ಲಿ. ಬರೀ ಫಾರಂ ತುಂಬಿಸಿದ್ದರೆ ಅದು ಸಿಗುತ್ತಿರಲಿಲ್ಲ. ಆದರೆ ಅವರು ಇದ್ದದ್ದು ಊರ ಪಟೇಲರ ದನದ ಮನೆಯಲ್ಲಿ, ಪಟೇಲರ ಆಸರೆಯಲ್ಲಿ. ದಲಿತ ಕೇರಿಯ ಒಡನಾಟ ಕಡಿಮೆ. ತಾನು ಊರನ್ನು ಕಂಡದ್ದು ಮೇಲ್ಜಾತಿಯವರ ಕಡೆಯಿಂದ ಎಂದು ಅವರೇ ಒಪ್ಪಿಕೊಂಡಿದ್ದಾರೆ.

ಅಷ್ಟು ದಿನ ಇದ್ದವರಿಗೇ ಹೀಗಾದರೆ, ಎರಡು ದಿನಕ್ಕೆ ಬಂದು ಹೋಟೆಲ್ ಮುಂದೆ ನಾಲ್ಕು ಗಂಡಸರನ್ನು ಮಾತಾಡಿಸಿ 'ಗ್ರಾಮಸ್ಥರ ಅಭಿಪ್ರಾಯ' ಅಂತ ಬರೆಯುವವರ ಕತೆ ಏನು? (ನಮ್ಮ ಪತ್ರಿಕೆಯವರೂ ಕಡಿಮೆ ಇಲ್ಲ ಬಿಡಿ.) ಇನ್ನು, ಎಷ್ಟು ಮನೆಗೆ ಪಹಣಿ ಇಲ್ಲ, ಎಷ್ಟು ವಿಧವೆಯರಿಗೆ ಪಿಂಚಣಿ ಬರುತ್ತಿಲ್ಲ ಅನ್ನುವ ಲೆಕ್ಕ ಹರಟೆಯಲ್ಲಿ ಹುಟ್ಟುವುದಿಲ್ಲ. ಅದಕ್ಕೆ ಆ ಬೇಜಾರಿನ ಫಾರಂ ಹಿಡಿದು ಮನೆಮನೆ ಸುತ್ತಲೇಬೇಕು.

ಮುಂದಿನ ಸಲ 'ಸುಮ್ಮನೆ ಮಾತಾಡೋಣ' ಅಂತ ಯಾರಾದರೂ ಬಂದರೆ ಮಾತಾಡಿ. ಆದರೆ ನೀವೂ ಕೇಳಿ: ಊರಾಚೆಯ ಕೇರಿಗೆ ಹೋಗಿದ್ರಾ? ಗಂಡಸರಿಲ್ಲದಾಗ ಹೆಂಗಸರನ್ನ ಮಾತಾಡಿಸಿದ್ರಾ? ಬರೆದದ್ದನ್ನ ನಮಗೂ ಓದಿ ಹೇಳ್ತೀರಾ?