ಗಾಜಿನ ಪೆಟ್ಟಿಗೆ ಗೋಮಾಳ ಅಲ್ಲ ಸ್ವಾಮೀ!

ಉಪ್ಪುನೀರಿನ ಅಕ್ವೇರಿಯಂ ಇಟ್ಟುಕೊಂಡಿರೋ ನಮ್ಮ ಐಟಿ ಮಂದಿ ಬಾಯಲ್ಲಿ ಒಂದು ಮಾತು ಪದೇ ಪದೇ ಕೇಳ್ತಿದೀನಿ. "ಟ್ಯಾಂಕಿನಲ್ಲಿ ಜೀವಂತ ಕಡಲಹುಲ್ಲು ನೆಡು, ಸಸ್ಯಾಹಾರಿ ಮೀನು ಬಿಡು. ಮೀನಿಗೆ ಹುಲ್ಲು ಊಟ, ಹುಲ್ಲಿಗೆ ಮೀನಿನ ಮಲ ಗೊಬ್ಬರ. ಉಳಿದದ್ದನ್ನ ಪ್ರಕೃತಿ ನೋಡ್ಕೊಳ್ಳುತ್ತೆ." ಕೇಳೋಕೆ ಎಷ್ಟು ಚೆಂದ ಅಲ್ವಾ? ನಾವು ಇಂಜಿನಿಯರುಗಳಿಗೆ ‘ಕ್ಲೋಸ್ಡ್ ಸಿಸ್ಟಮ್’ ಅಂದ್ರೆ ಸಾಕು, ಪ್ರಶ್ನೆ ಕೇಳೋದೇ ಮರೆತು ಹೋಗುತ್ತೆ. ನನ್ನ ಪ್ರಕಾರ ಇದು ಶುದ್ಧ ಬೊಗಳೆ.

ಮೊದಲು ಈ ಹುಲ್ಲಿನ ವಿಷಯ. ಇದು ಪಾಚಿ ಅಲ್ಲ. ಬೇರು, ಕಾಂಡ, ಎಲೆ, ಹೂವು ಎಲ್ಲ ಇರೋ ನಿಜವಾದ ಗಿಡ. ಎಲೆ ಬುಡದಿಂದ ಬೆಳೆಯೋದ್ರಿಂದ ತುದಿ ಕಚ್ಚಿದ್ರೂ ಮತ್ತೆ ಮೇಲೇಳುತ್ತೆ, ಥೇಟ್ ನಮ್ಮ ಗರಿಕೆ ಹಾಗೆ. ಆದ್ರೆ ಅದಕ್ಕೆ ಬಂಡವಾಳ, ಮರಳಿನೊಳಗೆ ಹರಡಿರೋ ಕಾಂಡದಲ್ಲಿ ಕೂಡಿಟ್ಟ ಪಿಷ್ಟ. ಅದನ್ನ ಮತ್ತೆ ತುಂಬಬೇಕಂದ್ರೆ ಬೆಳಕು ಹಿಡಿಯೋಕೆ ಎಲೆ ಬೇಕು. ಚಿಗುರಿದ್ದನ್ನೆಲ್ಲ ಬೆನ್ನಿಗೇ ಮೇಯ್ತಾ ಹೋದ್ರೆ ಒಂದಿನ ಖಜಾನೆ ಖಾಲಿ. ಮೀನಿನ ಮಲದಿಂದ ಸಾರಜನಕ ಸಿಗುತ್ತೆ ನಿಜ, ಕಳೆದುಹೋದ ಎಲೆ ಸಿಗಲ್ಲ.

ಈಗ ಲೆಕ್ಕ. 4 ಅಡಿ ಉದ್ದ, ಒಂದೂವರೆ ಅಡಿ ಅಗಲದ ಟ್ಯಾಂಕಿನ ತಳ ಬರೀ 6 ಚದರಡಿ. ಅದರಲ್ಲಿ ಹಗಲೆಲ್ಲ ಮೇಯೋ ಒಂದು ರ‍್ಯಾಬಿಟ್ ಫಿಶ್ ಬಿಟ್ರೆ ಏನಾಗಬೇಕು? ಮೊದಲು ಹುಲ್ಲು ಸಾಯುತ್ತೆ. ಆಮೇಲೆ ಮೀನಿನ ಹೊಟ್ಟೆ ಒಳಗೆ ಹೋಗುತ್ತೆ.

"ಸಮುದ್ರದಲ್ಲಿ ಎರಡೂ ಒಟ್ಟಿಗೇ ಇಲ್ವಾ?" ಅಂತೀರಿ. ಇವೆ. ಅಲ್ಲಿ ಹುಲ್ಲು ತೆಳ್ಳಗಾದ್ರೆ ಮೇಯೋ ಪ್ರಾಣಿ ಇನ್ನೊಂದು ಕಡೆ ಹೋಗುತ್ತೆ. ಗಾಜಿನೊಳಗೆ ಆ ‘ಇನ್ನೊಂದು ಕಡೆ’ ಇಲ್ಲ. ಎಲ್ಲಾ ಬ್ಯಾಲೆನ್ಸಿನ ಗುಟ್ಟು ಇರೋದು ಅಲ್ಲೇ. ಅಷ್ಟಾದ್ರೂ ಸಮುದ್ರವೇ ಸೋತ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಲಕ್ಷದ್ವೀಪದ ಅಗತ್ತಿ ಲಗೂನಿನಲ್ಲಿ ಹಸಿರು ಕಡಲಾಮೆಗಳು ಗುಂಪುಗೂಡಿ ಹುಲ್ಲುಗಾವಲನ್ನೇ ಬೋಳಿಸಿದ್ವು, ಅದು ಮುಗಿದ ಮೇಲೆ ಬೇರೆ ದ್ವೀಪಗಳಿಗೆ ಹೋದ್ವು. ಹುಲ್ಲಿನ ಜೊತೆ ಅದರಲ್ಲಿ ಬದುಕ್ತಿದ್ದ ಮೀನೂ ಕಮ್ಮಿಯಾಯ್ತು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ವಿಜ್ಞಾನಿಗಳು ಇದರ ಬೆನ್ನು ಹತ್ತಿ 2021ರಲ್ಲಿ ಪ್ರಬಂಧವನ್ನೇ ಪ್ರಕಟಿಸಿದ್ದಾರೆ. ಇಡೀ ಲಗೂನಿಗೇ ತಡೆಯೋಕಾಗದ್ದು ನಿಮ್ಮ ಹಾಲ್‌ನ ಮೂಲೇಲಿರೋ ಟ್ಯಾಂಕಿಗೆ ತಡೆಯುತ್ತಾ?

ಇನ್ನೊಂದು ವಾದ, "ನಾನು ಒಣಗಿಸಿದ ನೋರಿ ಹಾಳೆ ಹಾಕ್ತೀನಿ, ಅದು ಹುಲ್ಲು ಮುಟ್ಟಲ್ಲ." ಸರಿ, ಹಾಕಿ. ಆದ್ರೆ ಆಗ ಊಟ ಹಾಕ್ತಿರೋದು ನೀವು, ಪ್ರಕೃತಿ ಅಲ್ಲ! ಮತ್ತೆ ನೋರಿ ತಿಂದ ಮೇಲೂ ಎಲೆ ಕಚ್ಚಲ್ಲ ಅಂತ ಮೀನೇನು ಬಾಂಡ್ ಬರೆದುಕೊಟ್ಟಿದೆಯಾ?

ಅಂಗಡಿಯವರು ಎಲ್ಲಕ್ಕೂ ‘ಸಸ್ಯಾಹಾರಿ’ ಅಂತ ಒಂದೇ ಬೋರ್ಡ್ ಹಾಕ್ತಾರೆ. ಹಳದಿ ಟ್ಯಾಂಗ್ ಮುಖ್ಯವಾಗಿ ಪಾಚಿ ಕೆರೆದು ತಿನ್ನೋದು. ಕೆಲವು ಪ್ಯಾರಟ್ ಫಿಶ್‌ಗಳು ಹುಲ್ಲನ್ನೇ ಕತ್ತರಿಸೋವು. ಈ ವ್ಯತ್ಯಾಸ ಕೇಳದೆ ದುಡ್ಡು ಕೊಡಬೇಡಿ.

ಹಾಗಾದ್ರೆ ಏನ್ಮಾಡೋದು? ಹಳ್ಳಿಯಲ್ಲಿ ದನ ಸಾಕಿದವರನ್ನ ಕೇಳಿ. ದನ ಕೊಟ್ಟಿಗೆಯಲ್ಲಿದ್ರೆ ಹುಲ್ಲು ಕೊಯ್ದು ತಂದು ಹಾಕ್ತಾರೆ, ಕೊಟ್ಟಿಗೆಯಲ್ಲೇ ಹುಲ್ಲು ಬೆಳೆಯೋಕೆ ಹೋಗಲ್ಲ. ಟ್ಯಾಂಕ್ ಕೊಟ್ಟಿಗೆ. ಹುಲ್ಲಿಗೆ ಪಕ್ಕದಲ್ಲಿ ಬೇರೆ ತೊಟ್ಟಿ ಮಾಡಿ, ದಪ್ಪಗೆ ಮರಳು ಹಾಕಿ, ಒಳ್ಳೇ ಬೆಳಕು ಕೊಡಿ. ಪಂಪ್ ಇಟ್ಟು ಎರಡಕ್ಕೂ ಒಂದೇ ನೀರು ಓಡಾಡಿಸಿ. ಗೊಬ್ಬರದ ನೀರು ಹುಲ್ಲಿಗೆ ಸಿಗುತ್ತೆ, ಬಾಯಿ ಸಿಗಲ್ಲ. ಅದೇ ತೊಟ್ಟೀಲಿ ಒಂದಿಷ್ಟು ಪಾಚಿನೂ ಬೆಳೆಸಿ, ವಾರಕ್ಕೊಂದು ಹಿಡಿ ಕಿತ್ತು ಮೀನಿಗೆ ಹಾಕಿ.

ಹವ್ಯಾಸದವರ ಜಗಳ ಅಂತ ನಗಬೇಡಿ. ಇದೇ ಹುಲ್ಲು ತಿಂದು ಬದುಕೋ ಡುಗಾಂಗ್‌ಗಾಗಿ ತಮಿಳುನಾಡು 2022ರಲ್ಲಿ ಪಾಕ್ ಕೊಲ್ಲಿಯಲ್ಲಿ 448 ಚದರ ಕಿಲೋಮೀಟರ್ ಮೀಸಲಿಟ್ಟಿದೆ. ಅಂಥಾ ಹುಲ್ಲನ್ನ ಸಮುದ್ರದಿಂದ ಕಿತ್ತು ತಂದು ಮೂರು ತಿಂಗಳಲ್ಲಿ ಕೊಂದು "ಪ್ರಕೃತಿ" ಅನ್ನೋದಿದೆಯಲ್ಲ, ಅದಕ್ಕೆ ನನ್ನ ತಕರಾರು.

ಒಪ್ಪದವರು ಲೆಕ್ಕ ಸಮೇತ ಬನ್ನಿ, ವಾದ ಮಾಡೋಣ :)